ಹಾಜರಿ, ಖರ್ಚಿ, ಬಾಕಿ: ಚೆನ್ನೈನ ವಲಸೆ ಕಾರ್ಮಿಕರ ನಡುವೆ ಕಲಿತ ಪಾಠಗಳು

ಉಡುಪಿ ಕಡೆಯ ಹುಡುಗರು ಒಂದು ಕಾಲಕ್ಕೆ ಮದ್ರಾಸಿನ ಹೋಟೆಲುಗಳಿಗೆ ಕೆಲಸಕ್ಕೆ ಬರುತ್ತಿದ್ದರು. ಕಡಂದಲೆ ಕೃಷ್ಣರಾಯರು ಕೂಡ ಹೀಗೆ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು ಆಮೇಲಿನ ಮಾತು. ಇಂದು ಅಂಥ ಅಡುಗೆಮನೆಗಳಲ್ಲಿ ದೋಸೆ ಹೊಯ್ಯುತ್ತಿರುವವರು ಒಡಿಶಾ, ಅಸ್ಸಾಂ, ಬಿಹಾರದ ಹುಡುಗರು. ಶ್ರೀಪೆರುಂಬುದೂರು, ಒರಗಡಂನ ಕಾರ್ಖಾನೆಗಳಲ್ಲಿ, ಅಂಬತ್ತೂರಿನ ಲೇತುಗಳ ಮುಂದೆ, ಹಳೆ ಮಹಾಬಲಿಪುರಂ ರಸ್ತೆಯ ಗಗನಚುಂಬಿಗಳ ಸಾರುವೆಯ ಮೇಲೆ, ಎಣ್ಣೂರಿನ ವಿದ್ಯುತ್ ಸ್ಥಾವರಗಳಲ್ಲಿ ನಿಂತಿರುವವರೂ ಅವರೇ. ಕನ್ನಡ ಮನೆಮಾತಿನ ನಾನು ಈ ಊರಿನಲ್ಲಿ ಬಹಳ ವರ್ಷಗಳಿಂದ ಅವರ ಕೂಲಿ ಬಾಕಿ, ಅಪಘಾತ ಪರಿಹಾರದ ಕೆಲಸಗಳಲ್ಲಿ ಕೈಜೋಡಿಸಿದ್ದೇನೆ. ಇದೇ ಕೆಲಸಕ್ಕೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇಳಿಯಬೇಕೆಂದಿರುವವರಿಗೆ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಮೋಸ ಆಗಿದೆಯೆಂದು ಅವರಿಗೆ ಗೊತ್ತು. ಮಾಲೀಕ ಯಾರೆಂದು ಗೊತ್ತಿಲ್ಲ

ಹಕ್ಕುಗಳ ಬಗ್ಗೆ ಅರಿವು ಮೂಡಿಸಬೇಕು ಎಂದು ಹೊರಡುವವರು ಕಾರ್ಮಿಕರಿಗೆ ಏನೂ ತಿಳಿಯದು ಎಂಬ ಎಣಿಕೆಯಿಂದ ಹೊರಡುತ್ತಾರೆ. ಹನ್ನೆರಡು ಗಂಟೆ ದುಡಿಸಿ ಎಂಟು ಗಂಟೆಯ ಕೂಲಿ ಕೊಟ್ಟರೆ ಅದು ಅನ್ಯಾಯವೆಂದು ಯಾವ ಕಾರ್ಮಿಕನಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಅವನಿಗೆ ತಿಳಿಯದಿರುವುದು ಬೇರೆ: ಆ ಬಾಕಿ ಕೊಡಬೇಕಾದವರು ಯಾರು? ಊರಿನ ಸರ್ದಾರ ಅವನನ್ನು ಕರೆತಂದ. ಇಲ್ಲಿ ಮೇಸ್ತ್ರಿಗೆ ಒಪ್ಪಿಸಿದ. ಮೇಸ್ತ್ರಿ ಒಬ್ಬ ಸಬ್ ಕಂಟ್ರಾಕ್ಟರಿನ ಕೆಳಗೆ, ಆತ ಇನ್ನೊಬ್ಬ ಕಂಟ್ರಾಕ್ಟರಿನ ಕೆಳಗೆ, ಅವನ ಮೇಲೆ ಕಂಪನಿ. ಕೇಳಿದರೆ ಹುಡುಗ ಹೇಳುವುದು ಮೇಸ್ತ್ರಿಯ ಅಡ್ಡಹೆಸರು ಮತ್ತು ಒಂದು ಮೊಬೈಲ್ ನಂಬರ್, ಅಷ್ಟೆ. ಆ ನಂಬರ್ ಬಾಕಿ ಕೇಳಿದ ದಿನದಿಂದ ಸ್ವಿಚ್ ಆಫ್.

ಹಾಗಾಗಿ ನಾನು ಮೊದಲು ಹೇಳಿಕೊಡುವುದು ಫೋಟೋ ತೆಗೆಯುವುದನ್ನು. ಸೈಟಿನ ಗೇಟಿನಲ್ಲಿರುವ ಫಲಕದಲ್ಲಿ ಯೋಜನೆಯ ಹೆಸರು, ಬಿಲ್ಡರ್ ಹೆಸರು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇರುತ್ತವೆ. ಗೇಟ್ ಪಾಸ್, ಹೆಲ್ಮೆಟ್ಟಿನ ಮೇಲಿನ ಹೆಸರು, ಜಾಕೆಟ್ಟಿನ ಬೆನ್ನಿನ ಮೇಲಿನ ಗುರುತು, ಬೆಳಿಗ್ಗೆ ಸುರಕ್ಷತಾ ಸಭೆಗೆ ಸಾಲಾಗಿ ನಿಲ್ಲಿಸಿದಾಗಿನ ಒಂದು ಚಿತ್ರ, ಎಲ್ಲವೂ ಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ತೆಗೆದಿಡಬೇಕು. ಜಗಳವಾದ ಮೇಲೆ ಗೇಟಿನ ಹತ್ತಿರ ಹೋಗಲು ಬಿಡುವುದಿಲ್ಲ.

ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಇದ್ದ ಈ ನಿಯಮ ಈಗಿನ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ಇದರ ಬೆಲೆ ನನಗೆ ಸರಿಯಾಗಿ ಅರಿವಾದದ್ದು ಯಾದಗಿರಿ ಕಡೆಯಿಂದ ಕೇಬಲ್ ಗುಂಡಿ ತೋಡಲು ಬಂದಿದ್ದ ಒಂದು ತಂಡದಿಂದ. ನನ್ನ ಕನ್ನಡ ಕೇಳಿ ಅವರಿಗೆ ಜೀವ ಬಂದಂತಾಗಿತ್ತು. ಆದರೂ ದೂರು ಬರೆಯಲು ಕೂತಾಗ ಎಲ್ಲರೂ ಹಿಂಜರಿದರು. “ಮೇಸ್ತ್ರಿ ನಮ್ಮೂರವನ ಅದಾನ್ರಿ ಅಕ್ಕಾರ. ಅವನ ತಂಗೀನ್ನ ನಮ್ಮ ಮನಿಗೇ ಕೊಟ್ಟಾರ. ಅವನ ಮ್ಯಾಲೆ ಹೆಂಗ ಕಂಪ್ಲೇಂಟ್ ಬರಿಯೂದು?” ಎಂದ ಒಬ್ಬ ಹಿರಿಯ. ಅವರ ಮಾತು ನ್ಯಾಯವಾದದ್ದೇ. ಆ ಮೇಸ್ತ್ರಿಗೂ ಮೇಲಿನವನು ಬಾಕಿ ಉಳಿಸಿದ್ದ. ದೂರನ್ನು ಕಂಪನಿಯ ಹೆಸರಿಗೆ ಬರೆದೆವು. ಮೇಸ್ತ್ರಿಯೇ ಬಂದು ಸಾಕ್ಷಿ ಹೇಳಿದ. ಊರಿನ ಸಂಬಂಧ ಕೆಡದೆ ಹಣ ಬಂತು.

2. ಖರ್ಚಿ ಎಂಬ ಕುಣಿಕೆ

ಚೆನ್ನೈನ ಸೈಟುಗಳಲ್ಲಿ ಮೂರು ಮಾತು ಗೊತ್ತಿದ್ದರೆ ಕೂಲಿಯ ಅರ್ಧ ಕಥೆ ಗೊತ್ತಾದಂತೆ. ಒಂದು ದಿನದ ಕೆಲಸ ಒಂದು ಹಾಜರಿ. ರಾತ್ರಿಯವರೆಗೂ ನಿಂತರೆ ಒಂದೂವರೆ ಹಾಜರಿ, ಎರಡು ಹಾಜರಿ. ವಾರಕ್ಕೊಮ್ಮೆ ಅಕ್ಕಿ, ಆಲೂಗಡ್ಡೆ, ಮೊಬೈಲ್ ರೀಚಾರ್ಜಿಗೆಂದು ಕೊಡುವ ಕೈಗಾಸು ಖರ್ಚಿ. ಇವೆರಡರ ನಡುವಿನ ಅಂತರ ಬಾಕಿ. ಅದು ಮೇಸ್ತ್ರಿಯ ಬಳಿ ಉಳಿಯುತ್ತದೆ, ಊರಿಗೆ ಹೋಗುವಾಗ ಕೊಡುವೆನೆಂಬ ಮಾತಿನ ಮೇಲೆ.

ಕೆಲಸಗಾರನನ್ನು ಹಿಡಿದಿಡುವುದು ಈ ಬಾಕಿಯೇ. ಬಿಟ್ಟುಹೋದರೆ ಎರಡು ತಿಂಗಳ ಕೂಲಿ ಹೋಯಿತು. ಬೈದರೂ ಹೊಡೆದರೂ ಜ್ವರ ಬಂದರೂ ಅವನು ನಿಲ್ಲುತ್ತಾನೆ. ದುರ್ಗಾಪೂಜೆ, ಛಟ್, ನುಆಖಾಯಿ ಹಬ್ಬಗಳು ಹತ್ತಿರ ಬಂದಾಗ ನಮ್ಮ ಬಳಿ ಬರುವವರ ಸಾಲು ಬೆಳೆಯುವುದು ಇದೇ ಕಾರಣಕ್ಕೆ: ಟಿಕೆಟ್ ತೆಗೆದಾಗಿದೆ, ಮೇಸ್ತ್ರಿ ಲೆಕ್ಕ ಮುಗಿಸುತ್ತಿಲ್ಲ.

ಕಾನೂನು ಹೇಳುವುದು ಬಹಳ ಸರಳ. ದಿನಗೂಲಿಯಾದರೆ ಪಾಳಿ ಮುಗಿದಾಗ ಕೊಡಬೇಕು, ವಾರದ ಕೂಲಿಯಾದರೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ಮುಗಿಯಬೇಕು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು. ಬಾಕಿ ಕೇಳಲು ಮೂರು ವರ್ಷಗಳ ಅವಕಾಶವಿದೆ. ಕೂಲಿ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆಯೂ ಮಾಲೀಕನದೇ. ಇದನ್ನು ಕೇಳಿದಾಗ ಕಾರ್ಮಿಕರ ಮುಖದಲ್ಲಿ ಕಾಣುವ ಅಚ್ಚರಿ ಬೇರೆ ಯಾವ ಮಾತಿಗೂ ಕಂಡಿಲ್ಲ. ಇಷ್ಟು ವರ್ಷ ಅವರು ತಮಗೇ ಸೇರಿದ ದುಡ್ಡಿನ ರಶೀದಿ ತಾವೇ ಒದಗಿಸಬೇಕೆಂದುಕೊಂಡಿದ್ದರು.

ಆದರೆ ಅಲ್ಲಿ ದುಡಿದದ್ದನ್ನಾದರೂ ತೋರಿಸಬೇಕಲ್ಲ. ಅದಕ್ಕೆ ಹತ್ತು ರೂಪಾಯಿಯ ಪುಸ್ತಕ ಸಾಕು. ತಾರೀಕು, ಎಷ್ಟು ಹಾಜರಿ, ಎಷ್ಟು ಖರ್ಚಿ; ಸಾಧ್ಯವಾದರೆ ವಾರಕ್ಕೊಮ್ಮೆ ಮೇಸ್ತ್ರಿಯ ಸಹಿ. ಸಹಿ ಕೊಡದಿದ್ದರೆ ಅದೇ ಲೆಕ್ಕವನ್ನು ವಾಟ್ಸಾಪಿನಲ್ಲಿ ಅವನಿಗೆ ಕಳಿಸಬೇಕು. ಅವನು “ಸರಿ” ಎಂದೋ, ಒಂದು ಹಾಜರಿ ಜಾಸ್ತಿ ಬರೆದಿದ್ದೀಯೆಂದೋ ಉತ್ತರಿಸುತ್ತಾನೆ. ಎರಡೂ ನಮಗೆ ಸಾಕ್ಷಿ. ಬರೆಯಲು ಬಾರದವರು ಧ್ವನಿ ಸಂದೇಶ ಕಳಿಸುತ್ತಾರೆ. ಖರ್ಚಿ ಈಗ ಫೋನ್‌ಪೇ, ಜಿಪೇಯಲ್ಲಿ ಬರುವುದರಿಂದ ಯಾರ ಖಾತೆಯಿಂದ ಬಂತೆಂಬುದೂ ದಾಖಲಾಗುತ್ತದೆ. ಒಂದೇ ಎಚ್ಚರಿಕೆ: ಫೋನ್ ಕಳೆದರೆ ಎಲ್ಲ ಹೋಯಿತು. ಪ್ರತಿ ಭಾನುವಾರ ಆ ಚಿತ್ರಗಳು ಊರಿನಲ್ಲಿರುವ ಹೆಂಡತಿಗೋ ತಮ್ಮನಿಗೋ ಹೋಗಲಿ.

3. ಯಾವ ಭಾಷೆ, ಯಾರ ಬಾಯಿ

ಹಿಂದಿ ಬಂದರೆ ಸಾಕೆಂದು ಚೆನ್ನೈನಲ್ಲಿ ಎಲ್ಲರೂ ನಂಬಿದ್ದಾರೆ. ಸಂತಾಲಿ, ಸಾದ್ರಿ, ಬೋಡೊ ಆಡುವವರಿಗೆ ಹಿಂದಿ ಸಂತೆಯ ಮಾತು. ಬೆಲೆ ಕೇಳಲು ಸಾಕು, ದುಃಖ ಹೇಳಲು ಸಾಲದು. ಅದಕ್ಕಿಂತ ದೊಡ್ಡ ತೊಡಕು ಅನುವಾದಕ ಯಾರೆಂಬುದು. ತಂಡದಲ್ಲಿ ತಮಿಳು ಬಲ್ಲವನು ಒಬ್ಬನೇ, ಸಾಮಾನ್ಯವಾಗಿ ಮೇಸ್ತ್ರಿಯ ತಮ್ಮನೋ ಭಾವನೋ. ಲೇಬರ್ ಆಫೀಸಿನಲ್ಲಿ ಅಧಿಕಾರಿಯ ಪ್ರಶ್ನೆ, ಕಾರ್ಮಿಕನ ಉತ್ತರ ಎರಡೂ ಅವನ ಬಾಯಿಂದ ಹಾದುಹೋದರೆ ದೂರು ಅಲ್ಲಿಗೇ ಮುಗಿದಂತೆ. ನಾವೀಗ ಅನುವಾದಕ್ಕೆ ಬೇರೆ ಸೈಟಿನವರನ್ನು ಕರೆತರುತ್ತೇವೆ, ಅವರ ಒಂದು ದಿನದ ಕೂಲಿಯನ್ನೂ ಕಟ್ಟಿಕೊಡುತ್ತೇವೆ.

2017ರಲ್ಲಿ ನೌಕರರ ಪರಿಹಾರ ಕಾಯ್ದೆಗೆ ಒಂದು ತಿದ್ದುಪಡಿ ಬಂತು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಅಪಘಾತ ಪರಿಹಾರದ ಹಕ್ಕನ್ನು ಮಾಲೀಕ ಬರಹದಲ್ಲಿ, ನೌಕರನಿಗೆ ಅರ್ಥವಾಗುವಂತೆ, ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ತಿಳಿಸಬೇಕೆಂದು. ಒಳ್ಳೆಯ ನಿಯಮ. ಆದರೆ ಶಾಲೆಯ ಮೆಟ್ಟಿಲು ಹತ್ತದ ಸಂತಾಲ ಹುಡುಗನಿಗೆ ಈ ಮೂರರಲ್ಲಿ ಯಾವುದೂ ಓದಲು ಬಾರದು. ಕರಪತ್ರ ಹಂಚುವುದನ್ನು ನಾನು ಬಹುಮಟ್ಟಿಗೆ ಬಿಟ್ಟಿದ್ದೇನೆ. ಅದರ ಬದಲು ಅವರ ನಡುವಿನವರೇ ಅವರ ಮಾತಿನಲ್ಲಿ ಹೇಳಿದ ಒಂದೆರಡು ನಿಮಿಷದ ಧ್ವನಿಮುದ್ರಿಕೆ ಫೋನಿನಿಂದ ಫೋನಿಗೆ ಹೋಗುತ್ತದೆ, ನಾವು ಕಾಲಿಡಲಾಗದ ಶೆಡ್ಡುಗಳಿಗೂ ತಲುಪುತ್ತದೆ.

ಹೊತ್ತೂ ಮುಖ್ಯ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವುದು, ಮಧ್ಯಾಹ್ನ ಮಾಂಸದ ಅಡುಗೆ, ಸಂಜೆ ಸಂತೆ. ಊಟವಾಗಿ ಸಂತೆಗೆ ಹೊರಡುವ ನಡುವಿನ ಒಂದು ಗಂಟೆ ನಮ್ಮದು. ಹೆಂಗಸರೊಡನೆ ಬೇರೆಯಾಗಿಯೇ ಕೂರಬೇಕು. ಶೌಚಾಲಯ, ರಾತ್ರಿಯ ದೀಪ, ಸೂಪರ್‌ವೈಸರಿನ ಕೈ ಇವುಗಳ ಮಾತು ಗಂಡಸರ ಎದುರು ಬರುವುದೇ ಇಲ್ಲ.

4. ಕಾಯ್ದೆಯ ಹೆಸರು ಬೇಡ, ಕೇಳಬೇಕಾದ ಕಾಗದದ ಹೆಸರು ಬೇಕು

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹುಟ್ಟಿದ್ದು ಮುಂಗಡ ಕೊಟ್ಟು ಕಾರ್ಮಿಕರನ್ನು ಕರೆದೊಯ್ಯುವ ಒಡಿಶಾದ ದಾದನ್ ಪದ್ಧತಿಯ ಶೋಷಣೆಯ ಹಿನ್ನೆಲೆಯಲ್ಲಿ. ಅದರಲ್ಲಿ ಇದ್ದದ್ದು ಫೋಟೋ ಅಂಟಿಸಿದ ಪಾಸ್‌ಬುಕ್, ಪ್ರಯಾಣ ಭತ್ಯೆ, ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು. ಕಾಗದದ ಮೇಲೆ ಉದಾರವಾದ ಆ ಕಾಯ್ದೆಯ ಪಾಸ್‌ಬುಕ್ಕನ್ನು ನಾನು ಕಾರ್ಮಿಕರ ಕೈಯಲ್ಲಿ ಕಂಡದ್ದು ತೀರ ಅಪರೂಪ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳನ್ನು ನುಂಗಿದವು. ಒಂದು ಒಳಿತು: ಕಂಟ್ರಾಕ್ಟರ್ ಕರೆತರದೆ ತಾನಾಗಿಯೇ ರೈಲು ಹತ್ತಿ ಬಂದವನೂ ಈಗ ವಲಸೆ ಕಾರ್ಮಿಕನೇ, ತಿಂಗಳ ಕೂಲಿ 18,000 ರೂಪಾಯಿ ಮೀರದಿದ್ದರೆ. ಒಂದು ಕೆಡುಕು: ಹಿಂದೆ ಐದು ವಲಸೆ ಕಾರ್ಮಿಕರಿದ್ದರೆ ಅನ್ವಯವಾಗುತ್ತಿದ್ದ ವಲಸೆಯ ನಿಯಮಗಳಿಗೆ ಈಗ ಹತ್ತು ಜನ ಬೇಕು. ಆರೇಳು ಹುಡುಗರನ್ನಿಟ್ಟುಕೊಂಡ ಹೋಟೆಲು, ವರ್ಕ್‌ಶಾಪುಗಳೆಲ್ಲ ಇದರಿಂದ ಹೊರಗುಳಿದವು. ಇದು ತಪ್ಪು, ತಿದ್ದಬೇಕು.

ಕಾರ್ಮಿಕನಿಗೆ ಇದನ್ನೆಲ್ಲ ಹೇಳುವ ಅಗತ್ಯ ನನಗೆ ಕಂಡಿಲ್ಲ. ಏನೇನು ಕೇಳಬೇಕೆಂದು ಹೇಳುತ್ತೇನೆ. ನೇಮಕ ಪತ್ರ ಕೇಳಿ. ಈಗ ಎಲ್ಲರಿಗೂ ಅದನ್ನು ಕೊಡಲೇಬೇಕು. ಸಂಬಳ ಚೀಟಿ ಕೇಳಿ. ಪಿಎಫ್ ಕತ್ತರಿಸುತ್ತಿದ್ದರೆ ಯುಎಎನ್ ಸಂಖ್ಯೆ ಕೇಳಿ. ಹೊಸ ಕಂಟ್ರಾಕ್ಟರ್ ಬಳಿ ಹಳೆಯ ಸಂಖ್ಯೆಯನ್ನೇ ಕೊಡಿ, ಇಲ್ಲದಿದ್ದರೆ ಒಬ್ಬನ ಹೆಸರಿನಲ್ಲಿ ನಾಲ್ಕು ಖಾತೆಯಾಗಿ ಯಾವ ಹಣವೂ ಕೈಗೆ ಬಾರದು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಕೇಳಿ. ತಿಂಗಳ ಸಂಬಳ 21,000 ರೂಪಾಯಿಯವರೆಗೆ ಇರುವವರಿಗೆ ಅದು ಸಿಗುತ್ತದೆ. ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ ಮಾತ್ರ, ಮಾಲೀಕನದು ಮೂರೂಕಾಲು. ಕೆ.ಕೆ. ನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಒಂದು ಸಲ ಹೆಂಡತಿಯ ಹೆರಿಗೆ ಆಯಿತೆಂದರೆ ಆ ಕಾರ್ಡಿನ ಬಗ್ಗೆ ಮತ್ತೆ ಯಾರೂ ಭಾಷಣ ಮಾಡಬೇಕಾಗಿಲ್ಲ. ಇಡೀ ಸಾಲಿನ ಶೆಡ್ಡುಗಳಿಗೆ ಸುದ್ದಿ ಮುಟ್ಟಿರುತ್ತದೆ.

5. ಅಪಘಾತದ ಮೊದಲ ರಾತ್ರಿ

2014ರ ಜೂನ್ 28, ಶನಿವಾರ ಸಂಜೆ, ಪೋರೂರಿನ ಹತ್ತಿರದ ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಮಳೆಯಲ್ಲಿ ಕುಸಿಯಿತು. 61 ಜನ ಸತ್ತರು; ಬಹಳಷ್ಟು ಮಂದಿ ಆಂಧ್ರದ ಶ್ರೀಕಾಕುಳಂ, ವಿಜಯನಗರಂ ಕಡೆಯವರು, ಒಡಿಶಾದವರೂ ಇದ್ದರು. 2025ರ ಸೆಪ್ಟೆಂಬರ್ 30ರಂದು ಎಣ್ಣೂರಿನ ಉಷ್ಣ ವಿದ್ಯುತ್ ಸ್ಥಾವರದ ನಿರ್ಮಾಣದಲ್ಲಿ ಉಕ್ಕಿನ ಕಟ್ಟು ಬಿದ್ದು 9 ಜನ ಸತ್ತರು, ಹೆಚ್ಚಿನವರು ಅಸ್ಸಾಮಿನವರು. ಇಂಥವು ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ, ಮಂತ್ರಿಗಳು ಪರಿಹಾರ ಘೋಷಿಸುತ್ತಾರೆ. ಒಬ್ಬೊಬ್ಬರಾಗಿ ಸಾಯುವವರ ಕಥೆ ಬೇರೆ.

ಸಾರುವೆಯಿಂದ ಒಬ್ಬ ಬಿದ್ದ. ಆಸ್ಪತ್ರೆಗೆ ಜೊತೆಗೆ ಹೋದವನು ಬೈಕಿನಿಂದ ಬಿದ್ದನೆಂದೋ ಸ್ನಾನದ ಮನೆಯಲ್ಲಿ ಜಾರಿದನೆಂದೋ ಬರೆಸುತ್ತಾನೆ. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಘಾತದ ನೋಂದಣಿ ಪುಸ್ತಕವೊಂದಿದೆ. ಅದರ ನಕಲಿಗೆ ಎಲ್ಲರೂ ಹೇಳುವುದು ಎಆರ್ ಕಾಪಿ. ಅದರಲ್ಲಿನ ಮೊದಲ ಸಾಲು ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ. ಪ್ರಜ್ಞೆ ಇದ್ದರೆ ಗಾಯಾಳುವೇ, ಇಲ್ಲದಿದ್ದರೆ ಜೊತೆಗಾರನೇ ವೈದ್ಯರಿಗೆ ಹೇಳಬೇಕು: ಕೆಲಸದ ಜಾಗದಲ್ಲಿ, ಕೆಲಸ ಮಾಡುತ್ತಿದ್ದಾಗ, ಇಂಥ ಕಂಪನಿಯ ಸೈಟಿನಲ್ಲಿ ಆಯಿತು. ಸಭೆಗಳಲ್ಲಿ ಈ ಒಂದು ವಾಕ್ಯವನ್ನು ತಮಿಳಿನಲ್ಲಿ ಬಾಯಿಪಾಠ ಮಾಡಿಸುತ್ತೇನೆ. ಬೇರೆಲ್ಲ ಮರೆತರೂ ಇದು ನೆನಪಿರಲಿ ಎಂದು.

ಸತ್ತರೆ ಮರಣೋತ್ತರ ಪರೀಕ್ಷೆ ಮುಗಿಯುತ್ತಿದ್ದಂತೆ ಶವವನ್ನು ವಿಮಾನದಲ್ಲಿ ಕಳಿಸುವ ಏರ್ಪಾಡಾಗುತ್ತದೆ. ಜೊತೆಗೆ ಒಂದು ಲಕೋಟೆ ಹಣ, ಒಂದು ಕಾಗದಕ್ಕೆ ಅಣ್ಣನದೋ ಚಿಕ್ಕಪ್ಪನದೋ ಹೆಬ್ಬೆಟ್ಟು: ಎಲ್ಲ ಪರಿಹಾರ ಸಂದಿದೆ, ಇನ್ನೇನೂ ಬೇಡ. ಆ ಕಾಗದಕ್ಕೆ ಹೆದರಬೇಡಿ. 1923ರಷ್ಟು ಹಿಂದಿನಿಂದಲೂ ನಮ್ಮ ಕಾನೂನು ಹೇಳುವುದೇನೆಂದರೆ, ಸಾವಿನ ಪರಿಹಾರವನ್ನು ಪರಿಹಾರ ಆಯುಕ್ತರ ಬಳಿ ಠೇವಣಿ ಇಡಬೇಕು. ಮಾಲೀಕ ನೇರವಾಗಿ ಕೈಗೆ ಕೊಟ್ಟದ್ದು ಪರಿಹಾರವೆಂದೇ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕವೂ ಯಾರ ದಯೆಗೂ ಬಿಟ್ಟದ್ದಲ್ಲ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಕಿಯಿಂದ ಗುಣಿಸಬೇಕು. 2020ರಲ್ಲಿ ಕೇಂದ್ರ ನಿಗದಿ ಮಾಡಿದ 15,000 ರೂಪಾಯಿ ಕೂಲಿಯ ಮಿತಿಯಲ್ಲಿ, 30 ವರ್ಷದವನಾದರೆ 7,500ಕ್ಕೆ 207.98ರ ಗುಣಾಕಾರ: 15,59,850 ರೂಪಾಯಿ. ಲಕೋಟೆಯಲ್ಲಿ ಇದರ ಹತ್ತನೇ ಒಂದು ಭಾಗವೂ ಇರುವುದಿಲ್ಲ.

ಇನ್ನೊಂದು ಮಾತು ಬಹಳ ವಕೀಲರಿಗೇ ತಿಳಿಯದು. ಹೆಂಡತಿ ಚೆನ್ನೈಗೆ ಬರಬೇಕಾಗಿಲ್ಲ. ಅವಳು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು, ಎರಡು ವರ್ಷದೊಳಗೆ. ನಮ್ಮ ಕೆಲಸ ಎಆರ್ ಕಾಪಿ, ಎಫ್‌ಐಆರ್, ಮರಣೋತ್ತರ ವರದಿ, ಕಂಪನಿಯ ವಿಳಾಸ ಇಷ್ಟನ್ನು ಇಲ್ಲಿಂದ ಅವಳಿಗೆ ತಲುಪಿಸುವುದು. ಇಎಸ್‌ಐ ಇದ್ದರೆ ದಾರಿ ಬೇರೆ, ಅವಲಂಬಿತರಿಗೆ ತಿಂಗಳ ಪಿಂಚಣಿ; ಕೆಲಸಕ್ಕೆ ಸೇರಿದ ಮೊದಲ ದಿನ ಅಪಘಾತವಾಗಿದ್ದರೂ ಅದಕ್ಕೆ ಹಕ್ಕಿದೆ.

6. ಮುಂಗಡ ಕೊಟ್ಟವನಿಗೆ ಮನುಷ್ಯನ ಮೇಲೆ ಹಕ್ಕಿಲ್ಲ

ತಿರುವಳ್ಳೂರು, ಕಾಂಚೀಪುರಂ ಜಿಲ್ಲೆಗಳ ಇಟ್ಟಿಗೆ ಗೂಡುಗಳಿಗೆ ಒಡಿಶಾದ ಬಲಾಂಗೀರ್, ನುಆಪಡಾ ಕಡೆಯಿಂದ ಕುಟುಂಬಗಳೇ ಬರುತ್ತವೆ. ಗಂಡ, ಹೆಂಡತಿ, ಒಂದು ಮಗು ಸೇರಿ ಒಂದು ಘಟಕ. ಆ ಲೆಕ್ಕದಲ್ಲೇ ಮುಂಗಡ. ಚಳಿಗಾಲದಲ್ಲಿ ಬಂದವರು ಮಳೆಯ ತನಕ ಮುಂಗಡ ತೀರಿಸಲೆಂದೇ ಇಟ್ಟಿಗೆ ಹೊಯ್ಯುತ್ತಾರೆ. ನಮ್ಮ ರಾಯಚೂರು, ಕಲಬುರಗಿಯಿಂದ ಗುಳೆ ಹೋಗುವವರನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಕೂಲಿಯ ಲೆಕ್ಕದಿಂದ ಶುರು ಮಾಡಬಾರದು. ಹೊರಗೆ ಹೋಗಲು ಬಿಡುತ್ತಾರೆಯೇ, ಸಂತೆಗೆ ಹೋದರೆ ಕಾವಲಿಗೆ ಯಾರಾದರೂ ಬರುತ್ತಾರೆಯೇ, ಆಧಾರ್ ಕಾರ್ಡ್ ಯಾರ ಬಳಿ ಇದೆ, ಊರಿಗೆ ಹೋಗುವುದಾದರೆ ಒಬ್ಬರನ್ನು ಇಲ್ಲೇ ಬಿಟ್ಟು ಹೋಗು ಎನ್ನುತ್ತಾರೆಯೇ, ಇವನ್ನು ಕೇಳಬೇಕು. ಹೌದೆಂದರೆ ಅದು ಜೀತ. 1976ರ ಕಾಯ್ದೆ ಜೀತವನ್ನು ನಿಷೇಧಿಸಿದ್ದಷ್ಟೇ ಅಲ್ಲ, ಅದಕ್ಕೆ ಕಾರಣವಾದ ಸಾಲವನ್ನೂ ಅಳಿಸಿತು. 1982ರ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೇ ಸಂವಿಧಾನದ 23ನೇ ವಿಧಿಯಂತೆ ಬಲವಂತದ ದುಡಿಮೆ ಎಂದಿತು. ಅಲ್ಲಿ ದಿನಕ್ಕೆ 9 ರೂಪಾಯಿ 25 ಪೈಸೆಯ ಕೂಲಿಯಲ್ಲಿ ಜಮಾದಾರ ಒಂದು ರೂಪಾಯಿ ಕಿತ್ತುಕೊಳ್ಳುತ್ತಿದ್ದ, ಅಷ್ಟಕ್ಕೇ.

ಗೂಡಿಗೆ ಒಬ್ಬರೇ ನುಗ್ಗುವ ಸಾಹಸ ಯಾರೂ ಮಾಡಬೇಡಿ. ನಾವು ಹೊರಟುಬಂದ ಮೇಲೆ ಪೆಟ್ಟು ತಿನ್ನುವವರು ಅವರು. ಜಿಲ್ಲಾಧಿಕಾರಿ, ತಹಶೀಲ್ದಾರರ ಮೂಲಕವೇ ಹೋಗಬೇಕು. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಬಿಡುಗಡೆ ಪತ್ರ ಕೈಗೆ ಬರುವ ತನಕ ಜಾಗ ಬಿಡಬಾರದು; ಪುನರ್ವಸತಿಯ ಹಣಕ್ಕೆಲ್ಲ ಅದೇ ಕೀಲಿ. ತಕ್ಷಣದ ನೆರವೇ 30,000 ರೂಪಾಯಿವರೆಗೆ ಇದೆ.

7. ದೂರಿಗೆ ಮೊದಲು ಮಲಗುವ ಜಾಗ

ದೂರು ಕೊಟ್ಟ ದಿನವೇ ಹಾಸಿಗೆ ಹೊರಗೆ ಬೀಳುತ್ತದೆ. ಶೆಡ್ಡು ಕಂಪನಿಯದು, ಹೋಟೆಲು ಹುಡುಗನ ಕೋಣೆ ಮಾಲೀಕನದು. ಆದ್ದರಿಂದ ಅರ್ಜಿ ಬರೆಯುವ ಮೊದಲು ಕೆಲವು ರಾತ್ರಿಗೆ ಜಾಗ, ಅಕ್ಕಿ, ಬೇರೆ ಕಡೆ ದಿನಗೂಲಿ ಇವುಗಳ ಏರ್ಪಾಡು ಆಗಿರಬೇಕು. ಊರಿನ ಪಡಿತರ ಚೀಟಿಯಲ್ಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು ಎಂಬುದು ಅಂಥ ಹೊತ್ತಿನಲ್ಲಿ ಬಲು ದೊಡ್ಡ ಆಸರೆ.

ಒಬ್ಬನ ಹೆಸರಿನಲ್ಲಿ ಕೊಡಬೇಡಿ, ಹತ್ತು ಸಹಿ ಇರಲಿ. ಅರ್ಜಿ ತಮಿಳಿನಲ್ಲಿ, ಒಂದೇ ಪುಟ: ಯಾರು, ಎಲ್ಲಿ, ಯಾವತ್ತಿನಿಂದ, ಎಷ್ಟು ಹಾಜರಿ, ಎಷ್ಟು ಬಂತು, ಎಷ್ಟು ಬರಬೇಕು. ತೇನಾಂಪೇಟೆಯ ಡಿಎಂಎಸ್ ಆವರಣದಲ್ಲಿರುವ ಕಾರ್ಮಿಕ ಇಲಾಖೆಗೆ ಅವರನ್ನು ಒಂಟಿಯಾಗಿ ಕಳಿಸಬೇಡಿ; ನಾಳೆ ಬಾ ಎಂದರೆ ಒಂದು ದಿನದ ಕೂಲಿ ಹೋಯಿತು, ಮೂರನೆಯ ಸಲ ಅವನು ಬರುವುದಿಲ್ಲ. ಅಲ್ಲಿ ಮನಸ್ಸಿಟ್ಟು ಕೇಳುವ ಅಧಿಕಾರಿಗಳು ಇದ್ದಾರೆ. ಎಷ್ಟೋ ಬಾಕಿಗಳು ಅವರ ಒಂದು ಫೋನಿನಿಂದಲೇ ಬಂದಿವೆ. ಕೈಗಾರಿಕಾ ಕಾರ್ಮಿಕನಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರ ನೆರವು ಉಚಿತ, ಆದಾಯ ಕೇಳುವಂತಿಲ್ಲ. 15100 ಎಂಬ ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ ಎಲ್ಲ ರಾಜ್ಯಕ್ಕೂ ಒಂದೇ.

8. ಗಾಳಿಸುದ್ದಿಯ ದಿನ ಯಾರ ಫೋನ್ ಎತ್ತುತ್ತಾರೆ

2023ರ ಮಾರ್ಚಿನಲ್ಲಿ ಬಿಹಾರದವರನ್ನು ತಮಿಳುನಾಡಿನಲ್ಲಿ ಕೊಲ್ಲುತ್ತಿದ್ದಾರೆಂಬ ಸುಳ್ಳು ವೀಡಿಯೊಗಳು ಹರಡಿದವು. ಬೇರೆಲ್ಲಿಯದೋ ಹೊಡೆದಾಟದ ದೃಶ್ಯಗಳು. ಜನ ಗಂಟುಮೂಟೆ ಕಟ್ಟಿ ರೈಲು ಹತ್ತಿದರು, ಬಾಕಿ ಕೂಲಿಯನ್ನೂ ಬಿಟ್ಟು. ತಮಿಳುನಾಡು ಪೊಲೀಸರು ಹಿಂದಿಯಲ್ಲೇ ಧೈರ್ಯ ಹೇಳಿದ್ದು ಒಳ್ಳೆಯದಾಯಿತು. ಆದರೂ ಶೆಡ್ಡುಗಳಲ್ಲಿ ಕೊನೆಗೆ ನಂಬಿದ್ದು ಹಿಂದೊಮ್ಮೆ ಬಾಕಿ ಕೊಡಿಸಿದ್ದವರ, ಆಸ್ಪತ್ರೆಯಲ್ಲಿ ಜೊತೆಗೆ ಕೂತಿದ್ದವರ ಮಾತನ್ನು. ಹಕ್ಕಿನ ಮಾತನ್ನು ಕೇಳಿಸಿಕೊಳ್ಳುವುದೂ ಅವರಿಂದಲೇ.

9. ಕೆಲಸ ಕೊಡುವ ಕಡೆಯಿಂದಲೂ ಒತ್ತಡ ಬೇಕು

ಕಾರ್ಮಿಕನಿಗೆ ಹೇಳಿಕೊಟ್ಟು ಅವನೇ ಹೋರಾಡಲಿ ಎನ್ನುವುದು ಅರ್ಧ ಕೆಲಸ. ತಮಿಳುನಾಡಿನಲ್ಲಿ ಕಟ್ಟಡ ಕಾರ್ಮಿಕರ ಸಂಘಗಳು ಹೋರಾಡಿ 1982ರ ದೈಹಿಕ ಶ್ರಮಿಕರ ಕಾಯ್ದೆ, 1994ರ ಕಲ್ಯಾಣ ಮಂಡಳಿಯನ್ನು ತಂದುಕೊಂಡವು. ಅವರಿಗೆ ಇಲ್ಲಿ ಓಟಿತ್ತು, ಭಾಷೆಯಿತ್ತು. ವಲಸೆ ಬಂದವನಿಗೆ ಎರಡೂ ಇಲ್ಲ.

ನಮಗೆ ಎರಡೂ ಇವೆ. ನಿಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರರು, ಕಸ ಗುಡಿಸುವವರು ಏಜೆನ್ಸಿಯ ಮೂಲಕ ಬಂದವರಾದರೆ, ಈ ತಿಂಗಳ ಬಿಲ್ಲಿಗೆ ಸಹಿ ಹಾಕುವ ಮೊದಲು ಹಿಂದಿನ ತಿಂಗಳ ಇಎಸ್‌ಐ, ಪಿಎಫ್ ಚಲನ್ ಮತ್ತು ಸಂಬಳ ಬ್ಯಾಂಕಿಗೆ ಹೋದ ಪಟ್ಟಿ ತರಿಸಿ ನೋಡಿ. ಅವರ ಹೆಸರು ಅದರಲ್ಲಿದೆಯೇ ಎಂದು ಅವರನ್ನೇ ಕರೆದು ಕೇಳಿ. ಇಲ್ಲದಿದ್ದರೆ ಬಿಲ್ಲು ತಡೆಹಿಡಿಯಿರಿ. ಮನೆ ಕಟ್ಟಿಸುತ್ತಿದ್ದರೆ ಮೇಸ್ತ್ರಿಯ ಕೈಗೆ ಇಡಿಗಂಟು ಕೊಟ್ಟು ಸುಮ್ಮನಾಗಬೇಡಿ. ಪ್ರತಿ ಶನಿವಾರ ಕೆಲಸದವರಿಗೆ ಪೂರ್ತಿ ಕೂಲಿ ಸಂದಿತೇ ಎಂದು ವಿಚಾರಿಸಿ.